ಹಲಸಿನ ಮರ ಸ್ಟಾಪು, ಮಿನೆಹೊರಿ ಸ್ಟೇಷನ್ನು

ಮೇ 6, ಸೋಮವಾರ. ಬೆಳಿಗ್ಗೆ

ಇವತ್ತೂ ರೈಲು ಹೊತ್ತಿಗೆ ಸರಿಯಾಗಿ ಬಂತು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಬಂದು, ನಿಂತು, ಹೋಯಿತು. ಒಂದೇ ಡಬ್ಬಿ. ಇಳಿದವರಿಲ್ಲ. ಹತ್ತಿದ್ದು ಒಬ್ಬಳು ಅಜ್ಜಿ, ಕಂಕುಳಲ್ಲಿ ಮೂಲಂಗಿ ಕಟ್ಟು. ಅಷ್ಟುದ್ದದ ಮೂಲಂಗಿ! ನಾವು ಜೈನರು ನೆಲದಡಿಯದ್ದು ತಿನ್ನುವವರಲ್ಲ. ಆದರೂ ನೋಡುವುದಕ್ಕೆ ಎಂತ ದೋಷ.

ನಮಗೆ ಬೆಳಗಿನ ಕಾಫಿ, ಅವರಿಗೆ ನಡು ಮಧ್ಯಾಹ್ನ. ಜಪಾನು. ಊರಿನ ಹೆಸರು ಮಿನೆಹೊರಿ ಎಂದು ಮಗಳು ಅನಿಷಾ ಕೆಳಗಿನ ಇಂಗ್ಲಿಷು ಓದಿ ಹೇಳಿದಳು. ಸ್ಟೇಷನ್ನಿನ ಎದುರಿನ ಅಂಗಡಿಯವನು ತನ್ನ ಮಾಡಿನ ಅಂಚಿಗೆ ಕ್ಯಾಮರಾ ಕಟ್ಟಿ ಯೂಟ್ಯೂಬಿಗೆ ಬಿಟ್ಟಿದ್ದಾನಂತೆ. ಲೈವ್. ಅಲ್ಲಿ ನೊಣ ಹಾರಿದರೆ ಬೆಳುವಾಯಿಯಲ್ಲಿ ನನಗೆ ಕಾಣುತ್ತದೆ.

ಮಗಳು ಟಿವಿಗೆ ಯೂಟ್ಯೂಬ್ ಹಾಕಿಸಿದ ದಿನ ನಾನು ಹುಡುಕಿದ್ದು ‘ಎ ಜರ್ನಿ ಬೈ ಟ್ರೇನ್’, ಸಿಕ್ಕಿದ್ದು ಈ ಸ್ಟೇಷನ್ನು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಪ್ರಬಂಧ. ದ ಗಾರ್ಡ್ ಬ್ಲೂ ಹಿಸ್ ವಿಸಲ್ ಆಂಡ್ ವೇವ್ಡ್ ದ ಗ್ರೀನ್ ಫ್ಲ್ಯಾಗ್... ಅಲ್ಲಿಯವರೆಗೆ ಈಗಲೂ ಬರುತ್ತದೆ. ಆಮೇಲೆ ಏನೋ ಫೀಲ್ಡ್ಸ್, ಏನೋ ಟೆಲಿಗ್ರಾಫ್ ಪೋಸ್ಟ್ಸ್. ಮೂಡುಬಿದಿರೆಗೆ ಆಗ ರೈಲಿಲ್ಲ, ಈಗಲೂ ಇಲ್ಲ. ಕ್ಲಾಸಿನಲ್ಲಿ ರೈಲು ಕಂಡವರೇ ಇರಲಿಲ್ಲ, ಬಹುಶಃ ಮಾಸ್ಟ್ರೂ ಸೇರಿ. ನಾನು ರೈಲು ಮುಟ್ಟಿದ್ದು ಎಷ್ಟೋ ವರ್ಷದ ಮೇಲೆ, ಬಂಟ್ವಾಳ ಸ್ಟೇಷನ್ನಿನಲ್ಲಿ. ಗಾರ್ಡು ವಿಸಲ್ ಊದುತ್ತಾನೋ ಎಂದು ಕಾದು ನಿಂತಿದ್ದೆ.

ಮಿನೆಹೊರಿಯಲ್ಲಿ ಗಾರ್ಡೇ ಇಲ್ಲ. ಟಿಕೆಟ್ ಕೊಡುವವನೂ ಇಲ್ಲ. ಡ್ರೈವರೇ ಎಲ್ಲ. ಹೊರಡುವ ಮುಂಚೆ ಬಿಳಿ ಗ್ಲೌಸಿನ ಕೈ ಮುಂದೆ ಚಾಚಿ ಬೆರಳು ತೋರಿಸಿ ಏನೋ ಹೇಳಿಕೊಳ್ಳುತ್ತಾನೆ. ನಮ್ಮ ಬಸ್ಸಿನವರು ದೈವದ ಕಟ್ಟೆ ಕಂಡಲ್ಲಿ ಎದೆ ಮುಟ್ಟಿಕೊಳ್ಳುವ ಹಾಗೆ. ಎದುರು ಯಾವ ದೈವ ಉಂಟೋ.

ಕಾಯುವ ಕೋಣೆ ಮರದ್ದು. ತಗ್ಗು ಬೆಂಚು, ಬೆಂಚಿಗೆ ಹೂವಿನ ಬಟ್ಟೆಯ ದಿಂಬು. ಬಾಗಿಲ ಮೇಲೆ ಒಂದು ಹಲಗೆ, ಕಪ್ಪು ಅಕ್ಷರ. ಯಾರದ್ದೋ ಸ್ಮರಣಾರ್ಥ ಕಟ್ಟಿಸಿದ್ದು, ಅನುಮಾನವೇ ಬೇಡ. ಯಾರದ್ದು? ಅಪ್ಪನದ್ದಾ, ಹೆಂಡತಿಯದ್ದಾ? ಫೋಟೋ ಯಾಕೆ ಹಾಕಿಲ್ಲ?

ಮೇ 8, ಬುಧವಾರ

ಅನಿಷಾಳಿಗೆ ಹೇಳಿದೆ. ನಕ್ಕಳು. “ಅಪ್ಪ, ಅದು ರೈಲ್ವೆ ಸ್ಟೇಷನ್. ಸರ್ಕಾರದ್ದು. ಸ್ಮರಣಾರ್ಥ ಕಟ್ಟಿಸ್ಲಿಕ್ಕೆ ಅದೇನು ನಮ್ಮ ಬಸ್ ಸ್ಟ್ಯಾಂಡಾ?”

“ಬೋರ್ಡ್ ಉಂಟಲ್ಲ?”

“ಬೋರ್ಡ್ ಇದ್ದಲ್ಲೆಲ್ಲ ಸತ್ತವರ ಹೆಸರು ಇರ್ತದಾ?”

ಇರುತ್ತದೆ. ಇಲ್ಲಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ಹೋಗಿ ನೋಡಲಿ. ಪ್ರತಿ ಸ್ಟಾಪಿನಲ್ಲೂ ಒಂದು ತಂಗುದಾಣ, ಪ್ರತಿ ತಂಗುದಾಣದ ಹಣೆಯಲ್ಲಿ ಒಬ್ಬರು ದಿವಂಗತ. ಹೆಂಡತಿ ರಾಜಮತಿ ತೀರಿಹೋದ ಮರುವರ್ಷ ನಾನೂ ಕಟ್ಟಿಸಿದೆ, ಹಲಸಿನ ಮರ ಸ್ಟಾಪಿನಲ್ಲಿ. ಕಪ್ಪು ಗ್ರಾನೈಟಿನಲ್ಲಿ ಹೆಸರು. ನಮ್ಮ ಬಟ್ಟೆ ಅಂಗಡಿಯಲ್ಲಿ ನನ್ನ ಜೊತೆ ದುಡಿದವಳು, ಅವಳಿಗೆ ಅಷ್ಟು ಬೇಡವಾ. ದಿನಾ ಸಂಜೆ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಮುಂಚೆ, ಅಲ್ಲಿಯವರೆಗೆ ನಡೆದು ಬರುತ್ತೇನೆ. ಕಲ್ಲನ್ನು ಟವೆಲಿನಿಂದ ಒರೆಸುತ್ತೇನೆ.

ಮಿನೆಹೊರಿಯಲ್ಲೂ ಒಬ್ಬಳು ಬರುತ್ತಾಳೆ. ಕಂದು ಟೋಪಿಯವಳು, ವಯಸ್ಸಾದವಳು. ರೈಲು ಹತ್ತುವುದಿಲ್ಲ. ಕೋಣೆ ಗುಡಿಸುತ್ತಾಳೆ, ದಿಂಬುಗಳನ್ನು ಬೇಲಿಯ ಮೇಲೆ ಬಿಸಿಲಿಗೆ ಹಾಕುತ್ತಾಳೆ. ಟೋಪಿಯಮ್ಮ ಎಂದು ಹೆಸರಿಟ್ಟಿದ್ದೇನೆ. ಗಂಡನ ಹೆಸರಿನ ಬೋರ್ಡಿರಬೇಕು.

ಮೇ 11, ಶನಿವಾರ

ಪಂಚಾಯತ್ ಮೆಂಬರ್ ದಯಾನಂದ ಬಂದಿದ್ದ. ನೀರು ಬೆಲ್ಲ ಕೊಟ್ಟರೆ ಬೆಲ್ಲ ಮುಟ್ಟಲಿಲ್ಲ. ಆಗಲೇ ಗೊತ್ತಾಯಿತು, ಒಳ್ಳೆ ಸುದ್ದಿಯಲ್ಲ.

“ವಿಮಲಣ್ಣ, ಬೇಜಾರು ಮಾಡ್ಬೇಡಿ. ರಸ್ತೆ ಅಗಲ ಆಗ್ತದಲ್ಲ... ನಮ್ಮ ತಂಗುದಾಣ ಮಾರ್ಕಿಂಗಿನ ಒಳಗೆ ಬಂತು.”

“ಹಿಂದೆ ಸರಿಸ್ಲಿಕ್ಕೆ ಆಗುದಿಲ್ವಾ?”

“ಸರಿಸ್ಲಿಕ್ಕೆ ಅದೇನು ಗೂಡಂಗಡಿಯಾ ಮಾರಾಯ್ರೆ? ಹೊಸತು ಆಗ್ತದೆ, ಸ್ವಲ್ಪ ಮುಂದೆ. ಸಹಕಾರಿ ಸಂಘದವರು ಕಟ್ಟಿಸ್ತಾರೆ. ಫಸ್ಟ್ ಕ್ಲಾಸ್. ಸ್ಟೀಲಿಂದು.”

“ಹೆಸರು?”

ಲೋಟ ತಿರುಗಿಸಿದ. “ಕಟ್ಟಿಸಿದವರ ಹೆಸರು ಬರ್ತದೆ ಅಲ್ಲವಾ.”

ಹೋದ ಮೇಲೆ ಸ್ಟಾಪಿಗೆ ನಡೆದೆ. ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಬಾಣದ ಗುರುತು. ಯಾವಾಗ ಹಾಕಿದ್ದೋ. ದಿನಾ ಕಲ್ಲು ಒರೆಸಿದವನಿಗೆ ಕಂಬ ಕಾಣಲಿಲ್ಲ.

ಬಿಡುವುದಿಲ್ಲ. ಹೊಸತಾಗಲಿ, ಸ್ಟೀಲಿನದ್ದಾಗಲಿ. ರಾಜಮತಿಯ ಹೆಸರು ಅಲ್ಲಿ ಇರಲೇಬೇಕು.

ಮೇ 14, ಮಂಗಳವಾರ

ಇಡೀ ಬೆಳಿಗ್ಗೆ ಒಂದೇ ಯೋಚನೆ. ಆ ಜಪಾನಿಯವರು ಹೆಸರನ್ನು ಇಷ್ಟು ವರ್ಷ ಹೇಗೆ ಉಳಿಸಿಕೊಂಡರು? ಅಲ್ಲಿ ರಸ್ತೆ ಅಗಲ ಆಗುವುದಿಲ್ಲವಾ? ಕೇಳಿಯೇ ಬಿಟ್ಟೆ. ಯೂಟ್ಯೂಬಿನ ಕೆಳಗೆ ಬರೆಯುವ ಜಾಗವುಂಟು. ಅನಿಷಾ ಟೈಪ್ ಮಾಡಿದಳು, ನಾನು ಹೇಳಿದೆ.

“ರೆಸ್ಪೆಕ್ಟೆಡ್ ಸರ್, ಐ ಆಮ್ ಸೀಯಿಂಗ್ ಯುವರ್ ಸ್ಟೇಷನ್ ಡೇಲಿ ಫ್ರಮ್ ಬೆಳುವಾಯಿ. ಇನ್ ಹೂಸ್ ಸೇಕ್ರೆಡ್ ಮೆಮರಿ ಇಟ್ ಈಸ್ ಬಿಲ್ಟ್? ವಾಟ್ ಈಸ್ ದ ನೇಮ್ ಆನ್ ದ ಬೋರ್ಡ್? ಕೈಂಡ್ಲಿ ಡೂ ದ ನೀಡ್‌ಫುಲ್.”

“ಯುವರ್ಸ್ ಒಬೀಡಿಯೆಂಟ್ಲಿ ಹಾಕು,” ಎಂದೆ.

“ಅಪ್ಪ, ಕಮೆಂಟಿಗೆ ಯಾರೂ ಹಾಕುದಿಲ್ಲ.”

“ಹಾಕು.”

ಹಾಕಿದಳು.

ಮೇ 17, ಶುಕ್ರವಾರ

ಉತ್ತರ ಬಂತು! ಅಂಗಡಿಯವನೇ ಬರೆದದ್ದು. ಹೆಸರು ಹಯಾಶಿ. ಅವನ ಇಂಗ್ಲಿಷು ನನ್ನದಕ್ಕಿಂತ ಕೆಳಗೆ, ಹಾಗಾಗಿ ಸಲೀಸಾಗಿ ಅರ್ಥವಾಯಿತು.

ಬೋರ್ಡಿನಲ್ಲಿ ಬರೆದದ್ದು ಇದು — ಮೇಲೆ ಹಕ್ಕಿ ಗೂಡು ಕಟ್ಟಿದೆ, ಮರಿಗಳಿವೆ, ತಲೆಯ ಮೇಲೆ ಹಿಕ್ಕೆ ಬೀಳಬಹುದು, ದಯವಿಟ್ಟು ಸಹಿಸಿಕೊಳ್ಳಿ.

ಹಿಕ್ಕೆ! ನಾನು ಎರಡು ವಾರದಿಂದ ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಅನಿಷಾ ನಕ್ಕು ನಕ್ಕು ಸೋಫಾದ ಮೇಲೆ ಅಡ್ಡ ಬಿದ್ದಳು. ನನಗೂ ತಡೆಯಲಾಗಲಿಲ್ಲ. ರಾಜಮತಿ ಇದ್ದಿದ್ದರೆ ಊರಿಗೆಲ್ಲ ಹೇಳಿ ಬರುತ್ತಿದ್ದಳು.

ಉಳಿದದ್ದನ್ನೂ ಬರೆದಿದ್ದಾನೆ, ಪಾಪ. ಸ್ಟೇಷನ್ನು ಅವನ ಅಜ್ಜನ ಕಾಲದ್ದು. ಕಾಡಿನ ಮರ ಸಾಗಿಸಲು ಹಳಿ ಹಾಕಿದ್ದಂತೆ. ಆಗ ಎರಡು ಹಳಿ, ಸ್ಟೇಷನ್ ಮಾಸ್ಟ್ರು, ಅವರಿಗೆ ಕ್ವಾರ್ಟರ್ಸು, ಎಲ್ಲ ಇತ್ತು. ಮರ ಹೊರುವ ಲಾರಿ ಬಂದ ಮೇಲೆ ಒಂದು ಹಳಿ ಕಿತ್ತರು. ಶಾಲೆಗೆ ಹೋಗುವ ಮಕ್ಕಳು ಕಮ್ಮಿಯಾದ ಮೇಲೆ ಸ್ಟೇಷನ್ ಮಾಸ್ಟ್ರನ್ನೂ ತೆಗೆದರು. ಡ್ರೈವರು ಬೆರಳು ತೋರಿಸುವುದು ದೈವಕ್ಕಲ್ಲ, ಸಿಗ್ನಲ್ಲಿಗೆ. ಕಣ್ಣು ನೋಡಿದ್ದನ್ನು ಬಾಯಿ ಹೇಳಬೇಕು, ಆಗ ತಪ್ಪಾಗುವುದಿಲ್ಲವಂತೆ. ಒಳ್ಳೆ ಪದ್ಧತಿ. ಕಂಬದ ಮೇಲಿನ ಬಾಣವನ್ನು ನಾನೂ ಹಾಗೆ ನೋಡಬೇಕಿತ್ತು.

ಕಾಯುವ ಕೋಣೆಗೆ ಮಾತ್ರ ರೈಲ್ವೆಯವರು ದುಡ್ಡು ಕೊಡಲಿಲ್ಲ. ಸುತ್ತಿನ ಹಳ್ಳಿಯವರು ನದಿಯಿಂದ ಕಲ್ಲು ಹೊತ್ತು, ಮರ ಕೊಯ್ದು ಕಟ್ಟಿದ್ದು. ಯಾರು ಯಾರು? ಅವನ ಸಾಲನ್ನು ಹಾಗೆಯೇ ಇಳಿಸುತ್ತೇನೆ: “ನೇಮ್ಸ್ ಆರ್ ನಾಟ್ ರಿಟನ್. ಟೂ ಮೆನಿ.”

ಸರಿ, ಅದು ಅವರ ಕ್ರಮ. ನಮ್ಮದು ಬೇರೆ.

ಜೂನ್ 3, ಸೋಮವಾರ

ಸಂಘದ ಮ್ಯಾನೇಜರ್ ಸಂದೇಶನ ಹತ್ತಿರ ಹೋಗಿದ್ದೆ. ಸಣ್ಣ ಪ್ರಾಯ, ಮರ್ಯಾದಸ್ಥ. ಕುರ್ಚಿ ಎಳೆದು ಕೊಟ್ಟ.

“ನೋಡಿ ಸರ್, ಮುಂದೆ ಸಂಘದ ಹೆಸರು. ಒಳಗಿನ ಗೋಡೆಯಲ್ಲಿ ಒಂದು ಬೋರ್ಡಿಗೆ ಜಾಗ ಉಂಟು. ಅದನ್ನು ನಿಮ್ಮವರಿಗೆ ಕೊಡುವ. ಹಳೆ ತಂಗುದಾಣ ಇವರ ಸ್ಮರಣಾರ್ಥ ಇತ್ತು ಅಂತ.”

“ಗ್ರಾನೈಟ್ ಕಲ್ಲು ಹಳೆಯದ್ದೇ ಉಂಟು.”

“ಅದನ್ನೇ ಕೂರಿಸುವ.”

ಗೆದ್ದೆ! ಬರುವಾಗ ಮೂಡುಬಿದಿರೆ ಪೇಟೆಯಲ್ಲಿ ಗೋಳಿಬಜೆ ತಿಂದೆ. ಅನಿಷಾಳಿಗೆ ಹೇಳಿಲ್ಲ, ಗ್ಯಾಸ್ಟ್ರಿಕ್ ಎನ್ನುತ್ತಾಳೆ.

ಜೂನ್ 9, ಭಾನುವಾರ

ಮಳೆ ಹಿಡಿದಿದೆ. ಸ್ಟಾಪಿನಲ್ಲಿ ನಫೀಸಮ್ಮ ಸಿಕ್ಕಿದಳು. ಮನೆಯಲ್ಲಿ ಬೀಡಿ ಕಟ್ಟಿ ಕಂಪೆನಿಯ ಬ್ರಾಂಚಿಗೆ ಒಯ್ದು ಕೊಡುವವಳು. ಬೀಡಿಯ ಪ್ಲಾಸ್ಟಿಕ್ ತೊಟ್ಟೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟು ಕೂತಿದ್ದಳು. ಹೊಸ ತಂಗುದಾಣದ ಸುದ್ದಿ ಹೇಳಿದೆ, ಬೋರ್ಡಿನ ಸುದ್ದಿಯೂ.

“ಬೋರ್ಡಾ? ಇಲ್ಲಿ ಬೋರ್ಡ್ ಎಲ್ಲುಂಟು?” ಎಂದಳು.

ಕೈ ತೋರಿಸಿದೆ. ಕುತ್ತಿಗೆ ತಿರುಗಿಸಿ ನೋಡಿದಳು. “ನನಗೆ ಓದ್ಲಿಕ್ಕೆ ಬರುದಿಲ್ಲ ಅಣ್ಣ. ಅದು ಸಿಮೆಂಟಿನ ಕಂಪೆನಿದು ಅಂತ ಮಾಡಿದ್ದೆ.”

ಟವೆಲು ತೆಗೆದು ಕಲ್ಲು ಒರೆಸಿದೆ. ಅವಳೇ ಮುಂದುವರಿಸಿದಳು. “ಬೋರ್ಡ್ ಏನಾದ್ರೂ ಆಗ್ಲಿ. ಈ ಬೆಂಚು ಹೋಗ್ತದಲ್ಲ, ಅದು ಬೇಜಾರು. ಬೇರೆ ಕಡೆ ಎಲ್ಲ ಕೂತ್ರೆ ಕಾಲು ನೇತಾಡ್ತದೆ. ಇಲ್ಲಿ ಮಾತ್ರ ನೆಲಕ್ಕೆ ಸಿಗುದು. ಗಂಟು ನೋವಿನವರಿಗೆ ಗೊತ್ತು. ಯಾವ ಪುಣ್ಯಾತ್ಮ ಕಟ್ಟಿದ್ದೋ, ಅಳತೆ ತಪ್ಪಿ ಕಟ್ಟಿರ್ಬೇಕು.”

ಅಷ್ಟರಲ್ಲಿ ಬಸ್ಸು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, “ಹಲಸಿನ ಮರ, ಹಲಸಿನ ಮರ, ಬೇಗ ಬೇಗ!” ಹಲಸಿನ ಮರ ಗಾಳಿಗೆ ಬಿದ್ದು ಯಾವ ಕಾಲವಾಯಿತು. ಅದಕ್ಕೆ ಯಾರೂ ಬೋರ್ಡ್ ಹಾಕಿರಲಿಲ್ಲ.

ಅದೇ ದಿನ, ಊಟದ ಮೇಲೆ

ಅಳತೆ ತಪ್ಪಿದ್ದಲ್ಲ.

ರಾಜಮತಿ ಗಿಡ್ಡ. ಮದುವೆಯ ಫೋಟೋದಲ್ಲಿ ಅವಳನ್ನು ಮಣೆಯ ಮೇಲೆ ನಿಲ್ಲಿಸಿದ್ದರು. ಒಮ್ಮೆ ಮಾಣಿ ಜಂಕ್ಷನ್ನಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದೆವು. ಬೆಂಚಿನಲ್ಲಿ ಕೂತು ಕಾಲು ಆಡಿಸುತ್ತ, “ಇವರು ಬೆಂಚು ಮಾಡುವಾಗ ಹೆಂಗಸರನ್ನು ಕೂರಿಸಿ ನೋಡುದಿಲ್ವಾ?” ಎಂದಳು. ಚಪ್ಪಲಿ ಒಂದು ಕೆಳಗೆ ಬಿತ್ತು. ನಾನು ಬಗ್ಗಿ ಎತ್ತಿ ಕೊಟ್ಟೆ. ಸುತ್ತಲಿನವರು ನೋಡುತ್ತಿದ್ದರೂ ಅವಳಿಗೆ ನಾಚಿಕೆಯಾಗಲಿಲ್ಲ, ನನಗಾಯಿತು.

ತಂಗುದಾಣ ಕಟ್ಟುವಾಗ ಅವಳು ಅಡುಗೆಮನೆಯಲ್ಲಿ ಕೂರುತ್ತಿದ್ದ ಸ್ಟೂಲನ್ನೇ ಮೇಸ್ತ್ರಿ ಚನಿಯಪ್ಪನಿಗೆ ಕೊಟ್ಟೆ. ಇದೇ ಎತ್ತರ, ಕೂದಲೆಳೆ ಹೆಚ್ಚಬಾರದು. “ಇದೆಂತ ಧನಿ, ಬಾಲವಾಡಿ ಮಕ್ಕಳಿಗಾ?” ಎಂದ. ಹೌದು ಎಂದೆ. ಯಾರಿಗೂ ಹೇಳಲಿಲ್ಲ. ಅನಿಷಾಳಿಗೂ.

ಜೂನ್ 12, ಬುಧವಾರ

ಸಂದೇಶ್ ವಾಟ್ಸಾಪಿನಲ್ಲಿ ಹೊಸ ತಂಗುದಾಣದ ಡ್ರಾಯಿಂಗ್ ಕಳಿಸಿದ. ಚಂದ ಉಂಟು. ಸ್ಟೀಲಿನ ಬೆಂಚು, ಬೆನ್ನು ಆನಿಸುವಲ್ಲಿ ಟೈಲ್ಸ್ ಅಂಗಡಿಯೊಂದರ ಹೆಸರು. ಬೆಂಚು ಅವರ ಕೊಡುಗೆ. ಡ್ರಾಯಿಂಗಿನಲ್ಲಿ ಒಬ್ಬ ಗಂಡಸು ಕೂತಿದ್ದಾನೆ. ಅವನ ಕಾಲು ನೆಲಕ್ಕೆ ಸರಿಯಾಗಿ ಸಿಕ್ಕಿದೆ. ಉದ್ದದ ಆಳು.

ಒಳಗೋಡೆಯಲ್ಲಿ ಚೌಕ ಜಾಗ. ಅದು ರಾಜಮತಿಯದ್ದು.

ಫೋನು ಮಾಡಿ ಕೇಳಿದೆ, ಬೆಂಚು ಸ್ವಲ್ಪ ತಗ್ಗಿಸಬಹುದಾ. “ರೆಡಿಮೇಡ್ ಬರುದು ಸರ್. ಎತ್ತರ ಫಿಕ್ಸ್,” ಎಂದ. ಸಿಮೆಂಟಿನ ಬೆಂಚು ನಾನೇ ಕಟ್ಟಿಸಿ ಕೊಡುತ್ತೇನೆ ಎಂದೆ. “ಆಗ ಟೈಲ್ಸಿನವರ ಹೆಸರು ಎಲ್ಲಿ ಹಾಕುದು? ಅವರಿಗೆ ಹೆಸರು ಕಾಣ್ಬೇಕು ಅಷ್ಟೆ. ಬೇರೆ ಜಾಗ ಎಲ್ಲುಂಟು?”

ಬೇರೆ ಜಾಗ ಎಲ್ಲುಂಟು ಎಂದು ನನಗೆ ಗೊತ್ತಿತ್ತು. ಫೋನಿಟ್ಟೆ.

ಜೂನ್ 13

ಟೋಪಿಯಮ್ಮ ಬರಲಿಲ್ಲ. ದಿಂಬುಗಳು ಒಳಗೇ ಇವೆ.

ಜೂನ್ 14

ಇವತ್ತೂ ಇಲ್ಲ. ಹಯಾಶಿಗೆ ಬರೆದೆ, ಈ ಸಲ ನಾನೇ ಟೈಪ್ ಮಾಡಿ. “ವೇರ್ ಈಸ್ ಹ್ಯಾಟ್ ಮೇಡಮ್? ಹರ್ ಹಸ್ಬೆಂಡ್ ವಾಸ್ ಸ್ಟೇಷನ್ ಮಾಸ್ಟರ್?”

ಜೂನ್ 18, ಮಂಗಳವಾರ

ಉತ್ತರ. ಸೊಂಟದ ಆಪರೇಷನ್ ಆಗಿದೆಯಂತೆ, ಆಸ್ಪತ್ರೆಯಲ್ಲಿದ್ದಾಳೆ. ಗಂಡನಿಗೂ ಸ್ಟೇಷನ್ನಿಗೂ ಸಂಬಂಧವಿಲ್ಲ, ಅವನಿಗೆ ಮೀನಿನ ವ್ಯಾಪಾರ. ಮತ್ತೆ ಯಾಕೆ ಗುಡಿಸುತ್ತಾಳೆ ಎಂದರೆ, ಚಿಕ್ಕವಳಿದ್ದಾಗ ಅಲ್ಲಿಂದ ಶಾಲೆಗೆ ಹೋಗುತ್ತಿದ್ದಳು, ಚಳಿಗೆ ಬೆಂಚು ಮಂಜುಗಡ್ಡೆಯ ಹಾಗಿರುತ್ತಿತ್ತು. ಅದಕ್ಕೆ ದಿಂಬು ಹೊಲಿದಳಂತೆ. ಅಷ್ಟೇ ಕಾರಣ.

ದಿಂಬಿನಲ್ಲಿ ಹೆಸರು ಹೊಲಿದಿದ್ದಾಳಾ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಬೇಲಿಗೆ ಹಾಕಿದಾಗ ಟಿವಿಯ ಹತ್ತಿರ ಹೋಗಿ ನೋಡಿದ್ದೇನಲ್ಲ. ಬರೀ ಹೂವು.

ಜೂನ್ 20, ಗುರುವಾರ

ಸಂಘದ ಆಫೀಸಿಗೆ ಮತ್ತೆ ಹೋದೆ. ದಯಾನಂದನೂ ಅಲ್ಲಿದ್ದ.

“ಒಳಗೋಡೆಯ ಜಾಗ ಟೈಲ್ಸಿನವರಿಗೆ ಕೊಡಿ,” ಎಂದೆ. “ಬೆಂಚು ನನಗೆ ಬಿಡಿ.”

ಸಂದೇಶನಿಗೆ ಅರ್ಥವಾಗಲಿಲ್ಲ. “ಹಾಗಾದ್ರೆ ಅಮ್ಮನ ಹೆಸರು?”

“ಬೇಡ.”

“ಬೆಂಚಿನ ಮೇಲೆ ಬರೆಸುದಾ?”

“ಬೆಂಚಿನ ಮೇಲೆ ಜನ ಕೂರ್ತಾರೆ ಮಾರಾಯ. ಹೆಸರಿನ ಮೇಲೆ ಕೂರಿಸುದಾ?”

ದಯಾನಂದ ನನ್ನನ್ನೇ ನೋಡುತ್ತಿದ್ದ. “ವಿಮಲಣ್ಣ, ಮೊನ್ನೆ ಹೆಸರು ಹೆಸರು ಅಂತ ನನ್ನ ಜೀವ ತಿಂದ್ರಿ. ಈಗ ಎಂತ ಆಯ್ತು ನಿಮಗೆ? ಹುಷಾರಿದ್ದೀರಲ್ಲ?”

“ಹುಷಾರಿದ್ದೇನೆ. ಎತ್ತರ ನಾನು ಹೇಳಿದಷ್ಟೇ ಇರ್ಬೇಕು. ಮೇಸ್ತ್ರಿ ನನ್ನವ.”

ಬಸ್ಸಿನಲ್ಲಿ ಇಡೀ ದಾರಿ ಒಬ್ಬೊಬ್ಬ ದಿವಂಗತರನ್ನು ಓದುತ್ತ ಬಂದೆ. ಮಾಡಿದ್ದು ಸರಿಯಾ? ಕೇಳೋಣವೆಂದರೆ ಕೇಳಬೇಕಾದವಳು ಇಲ್ಲ. ಅವಳಾದರೆ ನೇರವಾಗಿ ಉತ್ತರಿಸುವವಳೂ ಅಲ್ಲ, “ನಿಮಗೆ ತೋಚಿದ ಹಾಗೆ” ಎನ್ನುವುದು, ಆಮೇಲೆ ವಾರಗಟ್ಟಲೆ ಮುಖ ನೋಡುವುದು...

ಸೆಪ್ಟೆಂಬರ್ 23, ಸೋಮವಾರ

ಬರೆಯದೆ ಎಷ್ಟು ದಿನವಾಯಿತು.

ಮಳೆ ಬಿಟ್ಟ ಕೂಡಲೇ ಜೆಸಿಬಿ ಬಂತು. ಹೋಗುವುದಿಲ್ಲ ಎಂದುಕೊಂಡಿದ್ದೆ, ಹೋದೆ. ಚನಿಯಪ್ಪ ಮೊದಲೇ ಗ್ರಾನೈಟ್ ಕಲ್ಲನ್ನು ಉಳಿಯಲ್ಲಿ ಬಿಡಿಸಿ ರಿಕ್ಷಾದಲ್ಲಿ ಮನೆಗೆ ಕಳಿಸಿದ್ದ. ಗೋಡೆ ಬಿಸ್ಕತ್ತಿನ ಹಾಗೆ ಮುರಿಯಿತು. ಬೆಂಚು ಮಾತ್ರ ಹಟ ಮಾಡಿತು. ಜೆಸಿಬಿಯವನು ಹಿಂದೆ ಮುಂದೆ ಮಾಡಿ ಗುದ್ದಿದ. “ಇದಕ್ಕೆಂತ ಹಾಕಿದ್ದೀರಿ ಅಜ್ಜ?” ಎಂದು ಮೇಲಿನಿಂದ ಕೂಗಿದ. ಚನಿಯಪ್ಪನಿಗೆ ಹೆಮ್ಮೆ ತಡೆಯಲಾಗಲಿಲ್ಲ, ಮೀಸೆ ತಿರುವಿಕೊಂಡ.

ಕಲ್ಲು ಈಗ ತೆಂಗಿನ ಬುಡದಲ್ಲಿದೆ. ಅಂಗಳದಲ್ಲಿ ನೆಟ್ಟರೆ ಸಮಾಧಿಯ ಹಾಗೆ ಕಾಣುತ್ತದೆ ಎಂದು ಅನಿಷಾ ಬಿಡುವುದಿಲ್ಲ. ಒಳಗಿಟ್ಟರೆ ಕಾಲಿಗೆ ಎಡವುತ್ತದೆ. ಇರಲಿ, ಇದ್ದಲ್ಲಿ.

ಮಿನೆಹೊರಿಯಲ್ಲಿ ಹಕ್ಕಿಗಳು ಹೋಗಿವೆ. ಬಾಗಿಲ ಮೇಲಿನ ಹಲಗೆಯನ್ನೂ ಇಳಿಸಿದ್ದಾರೆ. ಬರುವ ವರ್ಷ ಗೂಡು ಕಟ್ಟಿದರೆ ಮತ್ತೆ ಹಾಕುತ್ತಾರಂತೆ. ದಿಂಬುಗಳನ್ನು ಈಗ ಬೇರೆ ಯಾರೋ ಬಿಸಿಲಿಗೆ ಹಾಕುತ್ತಾರೆ. ಟೋಪಿಯಿಲ್ಲ.

ನವೆಂಬರ್ 8, ಶುಕ್ರವಾರ

ಚನಿಯಪ್ಪ ಹೊಸ ಬೆಂಚಿಗೆ ಕೆಂಪುಕಲ್ಲು ಇಳಿಸಿ, ನೂಲು ಹಿಡಿದು ನಿಂತ. “ಎತ್ತರ ಎಷ್ಟು ಧನಿ?”

ಸ್ಟೂಲು ತರಲು ಮನೆಗೆ ಬಂದೆ. ಸ್ಟೂಲು ಇಲ್ಲ. ಗೆದ್ದಲು ಹಿಡಿಯಿತೆಂದು ಮಳೆಗಾಲದಲ್ಲಿ ಬಚ್ಚಲ ಒಲೆಗೆ ಹಾಕಿದೆ ಎಂದಳು ಅನಿಷಾ. ಸಿಟ್ಟು ಬಂತು. ಅವಳಿಗೇನು ಗೊತ್ತು, ಪಾಪ.

ಅವಳ ಕಾಲು ನೋಡಿದೆ. ತಾಯಿಯದ್ದೇ ಕಾಲು. ತಾಯಿಯಷ್ಟೇ ಗಿಡ್ಡ. ಇಷ್ಟು ವರ್ಷ ಎದುರಿಗೇ ಓಡಾಡುತ್ತಿದ್ದರೂ...

“ನಡಿ, ಸ್ಟಾಪಿಗೆ ಹೋಗುವ,” ಎಂದೆ.

“ಎಂತಕ್ಕೆ ಅಪ್ಪ? ಒಲೆಯಲ್ಲಿ ಹಾಲುಂಟು.”

“ಒಲೆ ಆರಿಸು.”

ನೈಟಿಯ ಮೇಲೆ ಶಾಲು ಹೊದ್ದು ಗೊಣಗುತ್ತ ಬಂದಳು. ಕೆಂಪುಕಲ್ಲಿನ ಮೇಲೆ ಕೂರಿಸಿದೆ. ಕಾಲು ನೇತಾಡಿತು. ಚನಿಯಪ್ಪ ಮೇಲಿನ ಸಾಲು ತೆಗೆದ. ಇನ್ನೂ ಸ್ವಲ್ಪ. ಕಲ್ಲು ಕೆತ್ತಿದ. ಮತ್ತೆ ಕೂರಿಸಿದೆ. ಹಿಮ್ಮಡಿ, ಬೆರಳು, ಎರಡೂ ನೆಲಕ್ಕೆ ಸರಿಯಾಗಿ ಕೂತಿತು. ಚನಿಯಪ್ಪ ನೂಲು ಹಿಡಿದು ಗೋಡೆಗೆ ಗೆರೆ ಎಳೆದ.

ಅನಿಷಾ ಏಳಲಿಲ್ಲ. ಗೆರೆ ನೋಡಿದಳು, ನನ್ನನ್ನು ನೋಡಿದಳು.

“ಹಳೆ ಬೆಂಚೂ ಹೀಗೇ ಇತ್ತಲ್ಲ,” ಎಂದಳು. “ಚನಿಯಪ್ಪಣ್ಣ ಅಳತೆ ತಪ್ಪಿಸಿದ್ದು ಅಂತ ಮಾಡಿದ್ದೆ ನಾನು.”

“ನಾನು ಜೀವಮಾನದಲ್ಲಿ ಅಳತೆ ತಪ್ಪಿದವನಲ್ಲ ಅಕ್ಕ,” ಎಂದ ಅವನು, ಖಾರವಾಗಿ.

“ಅಮ್ಮನಿಗಾ ಅಪ್ಪ?”

ತಲೆಯಾಡಿಸಿದೆ ಅಷ್ಟೆ. ಒಲೆ ಆರಿಸಿ ಬಂದಿದ್ದಾಳೋ ಇಲ್ಲವೋ ಎಂದು ಕೇಳಿದೆ.

ಡಿಸೆಂಬರ್ 1, ಭಾನುವಾರ

ಉದ್ಘಾಟನೆ ಆಯಿತಂತೆ. ನಾನು ಹೋಗಲಿಲ್ಲ. ಮೈಕಿನಲ್ಲಿ ಸಂದೇಶನ ಭಾಷಣ ಇಲ್ಲಿಗೇ ಕೇಳಿಸುತ್ತಿತ್ತು. ದಾನಿಗಳ ಹೆಸರು ಓದಿದ. ಟೈಲ್ಸಿನವರ ಹೆಸರು ಬಂತು. ಕೊನೆಯವರೆಗೆ ಕಿವಿ ಕೊಟ್ಟು ಕೂತಿದ್ದೆ. ಸುಳ್ಳು ಯಾಕೆ ಬರೆಯಲಿ, ಬರಬಹುದು ಎಂದು ಸ್ವಲ್ಪ ಆಸೆಯಿತ್ತು.

ಡಿಸೆಂಬರ್ 2, ಸೋಮವಾರ. ಸ್ಟಾಪಿನಲ್ಲಿ

ಪುಸ್ತಕ ಜೊತೆಗೇ ತಂದಿದ್ದೇನೆ. ಬೆಂಚಿಗೆ ಕೆಂಪು ಸಾರಣೆ, ಕಾವಿಯ ವಾಸನೆ ಇನ್ನೂ ಹೋಗಿಲ್ಲ. ನಾನು ಕೂತರೆ ಮಂಡಿ ಎದೆಗೆ ಬರುತ್ತದೆ. ನನಗೆ ಮಾಡಿದ್ದಲ್ಲ.

ಬೆಳಿಗ್ಗೆ ಮಿನೆಹೊರಿಯಲ್ಲಿ ಮೊದಲ ಹಿಮ. ಹಯಾಶಿ ಬರೆದಿದ್ದ, ನೋಡು ಎಂದು. ಕೋಣೆಯ ಬಾಗಿಲು ಸರಿಯಿತು, ಕಂದು ಟೋಪಿ, ಕೈಯಲ್ಲಿ ಊರುಗೋಲು. ಗುಡಿಸಲಿಲ್ಲ. ಬರೀ ಕೂತಳು, ದಿಂಬಿನ ಮೇಲೆ. ರೈಲು ಬಂದು ಹೋಗುವವರೆಗೂ. ಟಿವಿಗೆ ಬೆರಳು ತೋರಿಸಿ ಅನಿಷಾಳಿಗೆ ಜೋರಾಗಿ ಹೇಳಿದೆ — ಇದ್ದಾಳೆ. ಬಾಯಿಬಿಟ್ಟು ಹೇಳಿದರೆ ತಪ್ಪಾಗುವುದಿಲ್ಲವಲ್ಲ.

ಈಗ ಯಾರೋ ಬರುತ್ತಿದ್ದಾರೆ. ಹೆಂಗಸು, ಕೈಯಲ್ಲಿ ಅಕ್ಕಿಯ ಚೀಲ. ಪರಿಚಯದವಳಲ್ಲ, ಗುರುವಾಯನಕೆರೆ ಕಡೆಯಿಂದ ನೆಂಟರ ಮನೆಗೆ ಬಂದವಳಿರಬೇಕು. ಮುಂದಿನ ಬೋರ್ಡ್ ಓದಿದಳು. ಒಳಗೋಡೆಯ ಟೈಲ್ಸಿನವರದ್ದನ್ನೂ ಓದಿದಳು. ಬೆಂಚನ್ನು ನೋಡಿ, “ಇದೆಂತ, ಇಷ್ಟು ತಗ್ಗು!” ಎಂದಳು. ನಾನು ತಲೆಯೆತ್ತಲಿಲ್ಲ. ಚೀಲ ಕೆಳಗಿಟ್ಟಳು. ಸೆರಗು ಸರಿ ಮಾಡಿಕೊಂಡು ಕೂತಳು. ಚಪ್ಪಲಿ ಕಳಚಿದಳು, ಎರಡು ಪಾದವನ್ನೂ ನೆಲಕ್ಕೆ ಊರಿದಳು.